ಗಣಿಯ ನಡುಕಕ್ಕೆ ಬೇಲಿ ಹಾಕಬಹುದೇ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯ ನೆಲದಡಿ ಸುಣ್ಣದಕಲ್ಲಿದೆ. ಸಿಮೆಂಟಿಗಾಗಿ ಅದನ್ನು ತೆಗೆಯುವ ಗಣಿಯಲ್ಲಿ ಬ್ಲಾಸ್ಟಿಂಗ್ ಆದಾಗ ಪಕ್ಕದ ಹಳ್ಳಿಗಳ ಗೋಡೆ ಅದುರುತ್ತದೆ. ಜನರ ಭಯ ಸುಳ್ಳಲ್ಲ. ಆದರೆ ಅದರ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ತಪ್ಪು.

ತಪ್ಪು ಕಲ್ಪನೆ: ಸದ್ದು ಜೋರಾದಷ್ಟೂ ಮನೆಗೆ ಪೆಟ್ಟು ಹೆಚ್ಚು.

ವಾಸ್ತವ: ಸದ್ದು ಗಾಳಿಯಲ್ಲಿ ಬಂದು ಕಿಟಕಿ ಗಡಗಡಿಸುತ್ತದೆ. ಬುನಾದಿ ಅಲುಗಿಸುವುದು ನೆಲದೊಳಗಿನ ಅಲೆ. ಅದನ್ನು ಅಳೆಯುವುದು ನೆಲದ ಕಣ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಎಂಬುದರಿಂದ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಊರಿನ ಮನೆಗಳಿಗೆ ಕಂಪನ (ಸೆಕೆಂಡಿಗೆ ಎಷ್ಟು ಬಾರಿ ಎಂಬುದೇ ಹರ್ಟ್ಸ್) 8 ಹರ್ಟ್ಸ್‌ಗಿಂತ ಕಡಿಮೆಯಿದ್ದರೆ ಮಿತಿ ಸೆಕೆಂಡಿಗೆ 5 ಮಿ.ಮೀ., 8ರಿಂದ 25 ಹರ್ಟ್ಸ್‌ವರೆಗೆ 10, ಅದಕ್ಕೂ ಮೇಲೆ 15. ನಿಧಾನದ ನಡುಕಕ್ಕೇ ಬಿಗಿ ಮಿತಿ, ಏಕೆಂದರೆ ಮನೆಯ ಸಹಜ ಕಂಪನವೂ ಅಷ್ಟೇ ನಿಧಾನ. ಎರಡೂ ಕೂಡಿದರೆ ಓಲಾಟ ಹಿಗ್ಗುತ್ತದೆ. ದೂರ ಹೋದಂತೆ ವೇಗದ ಕಂಪನಗಳು ಬೇಗ ಅಡಗಿ, ನಿಧಾನದವೇ ಉಳಿಯುತ್ತವೆ. ಹಾಗಾಗಿ ಹಳ್ಳಿಯವರು ಕೇಳಬೇಕಾದದ್ದು ತಮ್ಮ ಮನೆಯ ಬಳಿಯೇ ದಾಖಲಾದ ವೇಗ ಮತ್ತು ಹರ್ಟ್ಸ್, ಎರಡನ್ನೂ.

ತಪ್ಪು ಕಲ್ಪನೆ: ನೆಲ ನಡುಗಿತೆಂದರೆ ಗಣಿಯದೇ ಕೆಲಸ.

ವಾಸ್ತವ: 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಮತ್ತೆ ಮತ್ತೆ ನೆಲ ಕಂಪಿಸಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದು ಭೂಕಂಪದಿಂದ.

ತಪ್ಪು ಕಲ್ಪನೆ: ನಡುಕಕ್ಕೆ ಬೇಲಿಯಾಗಬಲ್ಲದೆನ್ನುವ ಮೆಟಾಮೆಟೀರಿಯಲ್ ಎಂದರೆ ಅದನ್ನು ಹೀರುವ ಹೊಸ ರಾಸಾಯನಿಕ.

ವಾಸ್ತವ: ಅದರ ಶಕ್ತಿ ಇರುವುದು ಜೋಡಣೆಯಲ್ಲಿ. ಹಾಂಗ್‌ಕಾಂಗ್‌ನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದದ್ದು ಸಿಲಿಕೋನ್ ರಬ್ಬರ್ ಸುತ್ತಿ ಸಾಲಾಗಿ ಕೂರಿಸಿದ ಸೀಸದ ಗುಂಡುಗಳು. ಹೊರಗಿನ ಅಲೆ ಗುಂಡಿನ ಸ್ವಂತ ಕಂಪನಕ್ಕೆ ಹೊಂದಿದಾಗ, ಗುಂಡುಗಳು ಎದುರಾಗಿ ಅಲುಗಿ ಅಲೆಯನ್ನು ಮುಂದೆ ಬಿಡುವುದಿಲ್ಲ. ತನ್ನ ಗಾತ್ರಕ್ಕಿಂತ ನೂರಾರು ಪಟ್ಟು ಉದ್ದದ ಅಲೆಯನ್ನು ಅಂಥ ಚಿಕ್ಕ ರಚನೆ ತಡೆಯಬಲ್ಲದೆಂಬುದೇ ಇದರ ಬೆರಗು.

ತಪ್ಪು ಕಲ್ಪನೆ: ಊರ ಸುತ್ತ ಅದನ್ನು ಹೂತರೆ ಸಾಕು.

ವಾಸ್ತವ: ಫ್ರಾನ್ಸಿನ ಗ್ರೆನೋಬಲ್ ಬಳಿ 2012ರಲ್ಲಿ 5 ಮೀಟರ್ ಆಳದ, 32 ಸೆಂ.ಮೀ. ಅಗಲದ ಗುಂಡಿಗಳ ಸಾಲು ಕೊರೆದು ಪರೀಕ್ಷಿಸಿದರು. ಸಾಲುಗಳ ಹಿಂದೆ ನಡುಕ ಬಹಳ ತಗ್ಗಿತು. ಆದರೆ ಅದು 50 ಹರ್ಟ್ಸ್ ಕಂಪನ. ಮಣ್ಣಿನಲ್ಲಿ ಸೆಕೆಂಡಿಗೆ 300 ಮೀಟರ್ ಓಡುವ 10 ಹರ್ಟ್ಸ್ ಅಲೆಯ ಉದ್ದವೇ 30 ಮೀಟರ್. ಗಟ್ಟಿ ಕಲ್ಲಿನಲ್ಲಿ ಇನ್ನೂ ಹೆಚ್ಚು. ಸೀಸದ ಗುಂಡಿನಂತೆ ಸ್ವಂತ ಕಂಪನವಿಲ್ಲದ ಇಂಥ ಬರಿಯ ಗುಂಡಿಗಳು ಅದಕ್ಕೆ ಎದುರು ನಿಲ್ಲಬೇಕಾದರೆ ಸಾಲೂ ಅಷ್ಟೇ ದೊಡ್ಡದಾಗಬೇಕು. ಒಂದೇ ವೇಗದಲ್ಲಿ ತಿರುಗುವ ಯಂತ್ರದ ಅಡಿಗಟ್ಟಿಗೆ ಮೆಟಾಮೆಟೀರಿಯಲ್ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ನಂಬಿಕೆ.

ಗಣಿಯಲ್ಲಿ ಇಂದೇ ಮಾಡಬಹುದಾದ ಕೆಲಸ ಬೇರೆ ಇದೆ: ಸ್ಫೋಟಕ ತುಂಬಿದ ಎಲ್ಲ ಕುಳಿಗಳನ್ನೂ ಒಟ್ಟಿಗೆ ಹಾರಿಸದೆ, ಮಿಲಿಸೆಕೆಂಡುಗಳ ಅಂತರದ ಡಿಲೇ ಡಿಟೋನೇಟರ್‌ನಿಂದ ಒಂದಾದ ಮೇಲೊಂದು ಸಿಡಿಸುವುದು; ಕಲ್ಲು ಒಪ್ಪುವ ಕಡೆ ಸ್ಫೋಟ ಬಿಟ್ಟು, ಸರ್ಫೇಸ್ ಮೈನರ್ ಯಂತ್ರದಿಂದ ಪದರಪದರವಾಗಿ ಕೆರೆದು ತೆಗೆಯುವುದು.