ಗೋಸುಂಬೆಯ ಬಣ್ಣವೂ ಅತಿವಾಹಕಗಳೂ

ಆಡಿದ ಮಾತನ್ನು ಗಳಿಗೆಗೊಮ್ಮೆ ಬದಲಿಸುವವನನ್ನು ನಾವು ಗೋಸುಂಬೆ ಎಂದು ಹಳಿಯುತ್ತೇವೆ. ಬೇಲಿಯ ಕೊಂಬೆಯ ಮೇಲೆ ಅಳೆದು ತೂಗಿ ಹೆಜ್ಜೆಯಿಡುವ ಆ ಸಾಧುಪ್ರಾಣಿಗೆ ಈ ಅಪಕೀರ್ತಿ ನ್ಯಾಯವಾದುದಲ್ಲ. ಗೋಸುಂಬೆಯು ಬಣ್ಣ ಬದಲಿಸುವುದು ಬಹುಮಟ್ಟಿಗೆ ಎದುರಾಳಿಯನ್ನು ಬೆದರಿಸುವುದಕ್ಕೆ, ಸಂಗಾತಿಯನ್ನು ಒಲಿಸಿಕೊಳ್ಳುವುದಕ್ಕೆ, ಮೈಯ ಶಾಖವನ್ನು ಹದದಲ್ಲಿರಿಸುವುದಕ್ಕೆ. ಅದರ ಬಣ್ಣವು ಮನಸ್ಸನ್ನು ಮರೆಮಾಡುವುದಕ್ಕಿಂತ ಹೊರಗೆಡಹುವುದೇ ಹೆಚ್ಚು.

ಈ ವಿಷಯವನ್ನು ತರಗತಿಯಲ್ಲಿ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, “ಹೊಸ ಬಣ್ಣ ಬಂದಾಗ ಹಳೆಯ ಬಣ್ಣವನ್ನು ಅದು ಎಲ್ಲಿ ಇಡುತ್ತದೆ, ಸಾರ್?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ನಗುವಂಥದಲ್ಲ. ಬಣ್ಣವೆಂದರೆ ಒಂದು ವಸ್ತು ಎಂಬ ನಮ್ಮೆಲ್ಲರ ತಿಳಿವಳಿಕೆಯೇ ಅದರಲ್ಲಿ ಅಡಗಿದೆ. ಅರಿಸಿನವನ್ನು ಅರೆದರೂ ಅದರ ಹಳದಿ ಹೋಗುವುದಿಲ್ಲ. ಅಲ್ಲಿ ಹಳದಿಯ ವರ್ಣದ್ರವ್ಯವೇ ಉಂಟು. ನೀಲಕಂಠ ಪಕ್ಷಿಯ ಉದುರಿದ ಗರಿಯೊಂದನ್ನು ಹಾಗೆಯೇ ನುಣ್ಣಗೆ ಅರೆದರೆ ನೀಲಿಯು ಮಾಯವಾಗಿ ಕಂದು ಪುಡಿ ಉಳಿಯುತ್ತದೆ. ಅಲ್ಲಿ ನೀಲಿಯೆಂಬ ದ್ರವ್ಯ ಇರಲೇ ಇಲ್ಲ. ಇದ್ದುದು ಗರಿಯ ಒಳರಚನೆ ಮಾತ್ರ. ಬೆಂಗಳೂರಿಗೆ ಬಂದು ನೆಲಸಿದ್ದ ಸರ್ ಸಿ. ವಿ. ರಾಮನ್ನರು 1934ರಲ್ಲಿ ಇದೇ ನೀಲಕಂಠದ ಗರಿಗಳ ವರ್ಣಮೂಲವನ್ನು ಕುರಿತು ಪರಿಶೋಧನೆ ನಡೆಸಿದರು.

ರಚನೆಯಿಂದ ಬಣ್ಣ ಹುಟ್ಟುವುದು ಹೇಗೆ? ಸಾಬೂನಿನ ಗುಳ್ಳೆಯನ್ನು ನೆನೆಯಿರಿ. ಅದರ ತೆಳುಪೊರೆಯ ಮುಂಬದಿಯಿಂದಲೂ ಹಿಂಬದಿಯಿಂದಲೂ ಬೆಳಕು ಮರಳುತ್ತದೆ. ಮರಳಿ ಬಂದ ಎರಡು ಅಲೆಗಳ ಶಿಖರಗಳು ಒಂದರ ಮೇಲೊಂದು ಬಿದ್ದರೆ ಆ ಬಣ್ಣ ಉಜ್ವಲವಾಗುತ್ತದೆ. ಒಂದರ ಶಿಖರ ಇನ್ನೊಂದರ ತಗ್ಗಿಗೆ ಬಿದ್ದರೆ ಆ ಬಣ್ಣ ಅಳಿಯುತ್ತದೆ. ಇದೇ ವ್ಯತಿಕರಣ. ಯಾವ ಬಣ್ಣ ಉಳಿಯಬೇಕೆಂಬುದನ್ನು ನಿರ್ಧರಿಸುವುದು ಪೊರೆಯ ದಪ್ಪ. ಬೆಳಕಿನ ಅಲೆಯಲ್ಲಿ ಶಿಖರದಿಂದ ಶಿಖರಕ್ಕಿರುವ ದೂರ ನೇರಿಳೆಗೆ ಸುಮಾರು 400 ನ್ಯಾನೊಮೀಟರ್, ಕೆಂಪಿಗೆ ಸುಮಾರು 700. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ಈ ಅಳತೆಗೆ ಸಮೀಪವಾದ ಅಂತರಗಳಲ್ಲಿ ಸಾಲುಗೊಂಡ ಯಾವ ರಚನೆಯೇ ಆಗಲಿ, ಬೆಳಕನ್ನು ಆಯ್ದು ಹಿಂದಿರುಗಿಸಬಲ್ಲದು.

ಗೋಸುಂಬೆಯ ಚರ್ಮದಲ್ಲಿರುವುದು ಇಂಥದೇ ರಚನೆ. ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಮಡಗಾಸ್ಕರ್ ದ್ವೀಪದ ಒಂದು ಜಾತಿಯ ಗೋಸುಂಬೆಯನ್ನು ಪರೀಕ್ಷಿಸಿ 2015ರಲ್ಲಿ ಇದನ್ನು ಪ್ರಕಟಿಸಿದರು. ಚರ್ಮದ ಮೇಲುಭಾಗದ ಕೆಲವು ಜೀವಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಸಣ್ಣ ಹರಳುಗಳು ಅಚ್ಚುಕಟ್ಟಾಗಿ ಜೋಡಣೆಗೊಂಡಿವೆ. ಗ್ವಾನಿನ್ನಿಗೆ ಸ್ವಂತ ಬಣ್ಣವಿಲ್ಲ. ಪ್ರಾಣಿಯು ಶಾಂತವಾಗಿದ್ದಾಗ ಹರಳುಗಳು ಒತ್ತಾಗಿದ್ದು ನೀಲಿಯನ್ನು ಹಿಂದಿರುಗಿಸುತ್ತವೆ. ಅದರ ಮೇಲಿರುವ ಹಳದಿ ವರ್ಣದ್ರವ್ಯದೊಡನೆ ಕೂಡಿ ಮೈ ಹಸುರಾಗಿ ತೋರುತ್ತದೆ. ಗಂಡು ಗೋಸುಂಬೆಯು ಎದುರಾಳಿಯನ್ನು ಕಂಡು ಕೆರಳಿದಾಗ ಹರಳುಗಳ ನಡುವಣ ಅಂತರವು ಸುಮಾರು ಶೇಕಡ 30ರಷ್ಟು ಹಿಗ್ಗುತ್ತದೆ. ಆಗ ಹಿಂದಿರುಗುವ ಬೆಳಕು ಹಳದಿಯ ಕಡೆಗೆ ಸರಿಯುತ್ತದೆ. ಕೆಲವು ನಿಮಿಷಗಳಲ್ಲಿ ಹಸುರು ಮೈ ಹಳದಿಯಾಗುತ್ತದೆ. ಕಪ್ಪು ವರ್ಣಕಣಗಳು ಹರಡಿ ಕುಗ್ಗಿ ಛಾಯೆಯನ್ನು ಗಾಢವಾಗಿಯೋ ತಿಳಿಯಾಗಿಯೋ ಮಾಡುವುದೂ ಉಂಟು. ಆದರೆ ಹಸುರಿನಿಂದ ಹಳದಿಗೆ ನೆಗೆಯುವ ಕೆಲಸ ಅಂತರದ್ದು.

ಇದಕ್ಕೆ ಅವರು ಒಂದು ಅಂದವಾದ ಪ್ರಮಾಣವನ್ನೂ ಕೊಟ್ಟರು. ಚರ್ಮದ ತುಣುಕೊಂದನ್ನು ಗಾಢವಾದ ಉಪ್ಪುನೀರಿನಲ್ಲಿರಿಸಿದರು. ಉಪ್ಪಿನಕಾಯಿಯ ಜಾಡಿಯಲ್ಲಿ ಹೋಳುಗಳು ನೀರುಬಿಟ್ಟು ಸೊರಗುವಂತೆ ಜೀವಕೋಶಗಳು ನೀರುಬಿಟ್ಟು ಕುಗ್ಗಿದವು, ಹರಳುಗಳು ಹತ್ತಿರವಾದವು, ಬಣ್ಣವು ನೀಲಿಯ ಕಡೆಗೆ ಸರಿಯಿತು. ಇಲ್ಲಿ ಕೋಪವೂ ಇಲ್ಲ, ಒಲವೂ ಇಲ್ಲ, ಬರಿಯ ಹಿಂಡುವಿಕೆ.

ವಸ್ತುವನ್ನು ಬದಲಿಸದೆ ಅಂತರವನ್ನು ಮಾತ್ರ ಬದಲಿಸಿ ಗುಣವನ್ನು ಬದಲಿಸಬಹುದೆಂಬ ಈ ಪಾಠ ಬೆಳಕಿಗೆ ಮಾತ್ರ ಮೀಸಲಲ್ಲ. ಲೋಹದಲ್ಲಿ ಹರಿಯುವ ಎಲೆಕ್ಟ್ರಾನಿಗೂ ಅಲೆಯ ಸ್ವಭಾವವುಂಟು. ಅದು ಹಾಯ್ದುಹೋಗುವ ಸಾಲುಗಳು ಪರಮಾಣುಗಳವು, ಅವುಗಳ ಅಂತರ ಒಂದು ನ್ಯಾನೊಮೀಟರಿಗಿಂತಲೂ ಕಡಿಮೆ. ಈ ಸಾಲುಗಳನ್ನು ಹಿಂಡಿದರೆ ಏನಾದೀತು? ಈ ಪ್ರಶ್ನೆಗೆ ಅದ್ಭುತವಾದ ಉತ್ತರ ದೊರೆತದ್ದು ಅತಿವಾಹಕಗಳಲ್ಲಿ.

1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸ್ ಪಾದರಸವನ್ನು 4.2 ಕೆಲ್ವಿನ್‌ವರೆಗೆ, ಎಂದರೆ ಸೊನ್ನೆಗಿಂತ ಸುಮಾರು 269 ಸೆಲ್ಸಿಯಸ್ ಡಿಗ್ರಿ ಕೆಳಕ್ಕೆ, ತಣಿಸಿದಾಗ ಅದರ ವಿದ್ಯುತ್ ರೋಧವು ಇದ್ದಕ್ಕಿದ್ದಂತೆ ಇಲ್ಲವಾಯಿತು. ಇದೇ ಅತಿವಾಹಕತೆ. ಎಲೆಕ್ಟ್ರಾನುಗಳು ಪರಮಾಣುಗಳ ಕಂಪನದ ನೆರವಿನಿಂದ ಜೋಡಿಗೂಡಿ ಅಡ್ಡಿಯಿಲ್ಲದೆ ಸಾಗುತ್ತವೆಂದು 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ವಿವರಿಸಿದರು. 1986ರಲ್ಲಿ ಬೆಡ್ನಾರ್ಜ್ ಮತ್ತು ಮುಲ್ಲರ್ ಇದೇ ಗುಣವನ್ನು ಲ್ಯಾಂಥನಮ್, ಬೇರಿಯಮ್, ತಾಮ್ರಗಳ ಆಕ್ಸೈಡಿನಲ್ಲಿ ಸುಮಾರು 30 ಕೆಲ್ವಿನ್‌ನಲ್ಲಿ ಕಂಡರು. ಅಮೆರಿಕದ ಪಾಲ್ ಚು ಮತ್ತು ಸಂಗಡಿಗರು ಆ ವಸ್ತುವನ್ನು ಬಲವಾಗಿ ಒತ್ತಿದಾಗ ಅತಿವಾಹಕತೆ ತಲೆದೋರುವ ಉಷ್ಣತೆ 50 ಕೆಲ್ವಿನ್ ದಾಟಿತು. ಹಾಗಾದರೆ ಹೊರಗಿನಿಂದ ಒತ್ತುವ ಬದಲು ಲ್ಯಾಂಥನಮ್ಮಿನ ಸ್ಥಾನದಲ್ಲಿ ಅದಕ್ಕಿಂತ ಕಿರಿದಾದ ಇಟ್ರಿಯಮ್ಮನ್ನು ಕೂರಿಸಿ ಒಳಗಿನಿಂದಲೇ ಸಾಲುಗಳನ್ನು ಬಿಗಿಗೊಳಿಸಬಾರದೇಕೆ?

1987ರ ಆದಿಯಲ್ಲಿ ಚು ಮತ್ತು ಎಂ. ಕೆ. ವು ಅವರ ತಂಡಗಳು ಹಾಗೆ ಮಾಡಿದಾಗ ಉಷ್ಣತೆ 93 ಕೆಲ್ವಿನ್‌ಗೆ ಏರಿತು. ದುಬಾರಿಯಾದ ದ್ರವ ಹೀಲಿಯಮ್ ಇಲ್ಲದೆ, 77 ಕೆಲ್ವಿನ್‌ನಲ್ಲಿ ಕುದಿಯುವ ಅಗ್ಗದ ದ್ರವ ನೈಟ್ರೊಜನ್ನಿನಲ್ಲಿಯೇ ಅತಿವಾಹಕತೆಯನ್ನು ಕಾಣುವಂತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ಎನ್. ಆರ್. ರಾವ್ ಮತ್ತು ಸಂಗಡಿಗರೂ ಅದೇ ವರ್ಷ ಈ ವಸ್ತುವನ್ನು ಪರಿಶೀಲಿಸಿದರು. ವಿನೋದವೆಂದರೆ, ಮೊದಲ ಬಿಲ್ಲೆಗಳಲ್ಲಿ ಹಸುರು ಮತ್ತು ಕಪ್ಪು ಎರಡೂ ಬೆರೆತಿದ್ದವು; ಹಸುರು ಭಾಗ ವಿದ್ಯುತ್ತನ್ನು ತಡೆಯುವಂಥದು, ಕಪ್ಪು ಭಾಗವೇ ಅತಿವಾಹಕ. ಇನ್ನೂ ವಿನೋದವೆಂದರೆ, ಆ ಕಪ್ಪು ವಸ್ತುವಿನ ಪರಮಾಣು ಜೋಡಣೆಯು ಹಳೆಯ ವಸ್ತುವಿನದಾಗಿರದೆ ಬೇರೆಯದೇ ಆಗಿತ್ತು. ಊಹೆ ಪೂರ್ತಿ ಸರಿಯಲ್ಲದಿದ್ದರೂ ದಾರಿ ಫಲಕೊಟ್ಟಿತು.

ಗೋಸುಂಬೆಯ ಹರಳುಗಳ ಸಂಗತಿ ಪ್ರಕಟವಾದ 2015ರಲ್ಲಿಯೇ ಜರ್ಮನಿಯ ವಿಜ್ಞಾನಿಗಳು ಕೊಳೆತ ಮೊಟ್ಟೆಯ ನಾತವುಳ್ಳ ಹೈಡ್ರೊಜನ್ ಸಲ್ಫೈಡನ್ನು ಎರಡು ವಜ್ರಗಳ ಮೊನೆಗಳ ನಡುವೆ ವಾಯುಮಂಡಲದ ಒತ್ತಡದ ಸುಮಾರು 15 ಲಕ್ಷ ಪಾಲು ಒತ್ತಡದಲ್ಲಿ ಹಿಂಡಿ, 203 ಕೆಲ್ವಿನ್‌ನಲ್ಲಿ ಅತಿವಾಹಕತೆಯನ್ನು ಕಂಡರು. 2019ರಲ್ಲಿ ಲ್ಯಾಂಥನಮ್ ಹೈಡ್ರೈಡಿನಲ್ಲಿ ಅದು 250 ಕೆಲ್ವಿನ್ ಮುಟ್ಟಿತು. ಇದು ಸೊನ್ನೆಗಿಂತ 23 ಸೆಲ್ಸಿಯಸ್ ಡಿಗ್ರಿ ಮಾತ್ರ ಕೆಳಗೆ. ಆದರೆ ವಜ್ರದ ಹಿಡಿತ ಸಡಿಲಿದರೆ ಈ ಗುಣವೂ ಉಳಿಯುವುದಿಲ್ಲ.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಗೋಸುಂಬೆಯಲ್ಲಿ ನಡೆಯುವುದು ಬೆಳಕಿನ ಅಲೆಗಳ ಕೂಡುವಿಕೆ. ಅತಿವಾಹಕದಲ್ಲಿ ನಡೆಯುವುದು ಎಲೆಕ್ಟ್ರಾನುಗಳ ಜೋಡಿಗೂಡುವಿಕೆ. ಎರಡನೆಯದರಲ್ಲಿ ಅಂತರವು ಹಲವು ಕಾರಣಗಳಲ್ಲಿ ಒಂದು ಮಾತ್ರ. ಹಿಂಡಿದ ವಸ್ತುವೆಲ್ಲ ಅತಿವಾಹಕವಾಗುವುದೂ ಇಲ್ಲ. ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳು ಜೋಡಿಗೂಡುವ ಬಗೆ ಇಂದಿಗೂ ವಾದಗ್ರಸ್ತವಾಗಿದೆ. ಆದರೂ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ಏನಿದೆ ಎಂಬುದರಷ್ಟೇ ಮುಖ್ಯ, ಅದು ಹೇಗೆ ಜೋಡಣೆಗೊಂಡಿದೆ ಎಂಬುದು.

ಇಂದು ಆಸ್ಪತ್ರೆಗಳಲ್ಲಿ ದೇಹದ ಒಳಚಿತ್ರ ತೆಗೆಯುವ ಎಂ. ಆರ್. ಐ. ಯಂತ್ರಗಳ ದೊಡ್ಡ ಕಾಂತಗಳು ಬಹುಪಾಲು ದ್ರವ ಹೀಲಿಯಮ್ಮಿನ ಚಳಿಯಲ್ಲಿಯೇ ಕೆಲಸ ಮಾಡುತ್ತಿವೆ. ವಜ್ರದ ಹಿಡಿತವೂ ಹೀಲಿಯಮ್ಮಿನ ಚಳಿಯೂ ಬೇಡದ ಅತಿವಾಹಕವೊಂದು ದೊರೆತರೆ ಅಂಥ ಯಂತ್ರವು ಸಣ್ಣ ಊರಿನ ಆಸ್ಪತ್ರೆಗೂ ಎಟುಕೀತು. ತಂತಿಯಲ್ಲಿ ಶಾಖವಾಗಿ ಪೋಲಾಗುವ ವಿದ್ಯುತ್ತೂ ಉಳಿದೀತು. ಅದಕ್ಕೆ ಬೇಕಾದುದು ಒತ್ತದೆಯೇ ತಕ್ಕ ಅಂತರದಲ್ಲಿ ನಿಲ್ಲುವ ಪರಮಾಣುಗಳ ಸಾಲು.

ನನ್ನ ವಿದ್ಯಾರ್ಥಿಗೆ ಕೊಡಬೇಕಾದ ಉತ್ತರ ಈಗ ಸುಲಭ. ಗೋಸುಂಬೆಯು ಹಳೆಯ ಬಣ್ಣವನ್ನು ಎಲ್ಲಿಯೂ ಬಚ್ಚಿಡುವುದಿಲ್ಲವಪ್ಪ. ತನ್ನ ಹರಳುಗಳನ್ನು ಕೊಂಚ ದೂರ ಸರಿಸುತ್ತದೆ, ಅಷ್ಟೆ.