ಘಟಸರ್ಪದ ಹೆಸರು

ರೆಕ್ಕೆಯುಳ್ಳ, ಬೆಂಕಿಯನ್ನುಗುಳುವ ಘಟಸರ್ಪದ ಕಥೆಯೆಂದೊಡನೆ ಹಿರಿಯರು ಪುಸ್ತಕವನ್ನು ಮಕ್ಕಳ ಕೈಗೆ ದಾಟಿಸಿ ತಾವು ದಿನಪತ್ರಿಕೆಯತ್ತ ತಿರುಗುವುದುಂಟು. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ ವಿಷಯದಲ್ಲಿ ಹಾಗೆ ಮಾಡಿದವರಿಗೆ ನಷ್ಟವೇ ಸರಿ. 1968ರಲ್ಲಿ ಪ್ರಕಟವಾದ ಈ ಕಾದಂಬರಿಯನ್ನು ಬರೆಸಿದ್ದು ಬರ್ಕ್ಲಿಯ ಪಾರ್ನಾಸಸ್ ಪ್ರೆಸ್ ಎಂಬ ಪುಟ್ಟ ಪ್ರಕಾಶನ. ಹದಿಹರೆಯದವರಿಗಾಗಿ ಏನಾದರೂ ಬರೆಯಿರೆಂಬ ಕೋರಿಕೆ ಬಂದಾಗ ಲೇಖಕಿಗೆ ಹೊಳೆದ ಪ್ರಶ್ನೆ ಇಷ್ಟೆ: ಕಥೆಗಳ ಮಾಂತ್ರಿಕರೆಲ್ಲ ಬಿಳಿಗಡ್ಡದ ಮುದುಕರು, ಅವರೂ ಒಮ್ಮೆ ಹುಡುಗರಾಗಿದ್ದಿರಬೇಕಲ್ಲವೆ? ಆ ವಿದ್ಯೆಯನ್ನು ಅವರು ಎಲ್ಲಿ ಕಲಿತರು?

ಅರ್ಥ್‌ಸೀ ದ್ವೀಪಗಳ ಲೋಕ. ಅಲ್ಲಿಯ ಗಾಂಟ್ ಎಂಬ ಬೆಟ್ಟದ ದ್ವೀಪದಲ್ಲಿ ಆಡು ಕಾಯುವ, ತಾಯಿಯಿಲ್ಲದ ಹುಡುಗನೇ ಕಥಾನಾಯಕ ಗೆಡ್. ಅವನ ಶಕ್ತಿ ಅಪಾರ, ಗರ್ವ ಅದಕ್ಕಿಂತಲೂ ಹೆಚ್ಚು. ಅವನ ಮೊದಲ ಗುರು ಓಗಿಯನ್ ಮಿತಭಾಷಿ. ಮಳೆ ಬಂದರೆ ಮಂತ್ರದಿಂದ ಮೋಡವನ್ನು ಅತ್ತ ಸರಿಸದೆ, ಮರದಡಿಯಲ್ಲಿ ಸುಮ್ಮನೆ ಮಲಗುವಾತ. ಮಳೆಯನ್ನೇ ತಡೆಯದಿದ್ದರೆ ಮಾಂತ್ರಿಕನಾಗಿ ಫಲವೇನೆಂದು ಹುಡುಗನಿಗೆ ಅಸಹನೆ. ಅವಸರಪಟ್ಟು ರೋಕ್ ದ್ವೀಪದ ಮಾಂತ್ರಿಕ ವಿದ್ಯಾಲಯವನ್ನು ಸೇರುತ್ತಾನೆ.

ಅಲ್ಲಿ ಅವನು ಕಲಿಯಬೇಕಾದುದು ಮುಖ್ಯವಾಗಿ ಹೆಸರುಗಳನ್ನು! ಕಲ್ಲು, ಮೀನು, ಅಲೆ, ಗಿಡದ ಎಲೆ—ಪ್ರತಿಯೊಂದಕ್ಕೂ ಒಂದು ನಿಜನಾಮವಿದೆ. ಅದನ್ನು ಬಲ್ಲವನಿಗೆ ಆ ವಸ್ತುವು ವಶ. ಒಂಟಿ ಗೋಪುರದಲ್ಲಿ ಕುಳಿತು ಪಟ್ಟಿಗಳನ್ನು ಬಾಯಿಪಾಠ ಮಾಡಬೇಕು. ನಡುರಾತ್ರಿಗೆ ಶಾಯಿ ತಾನಾಗಿ ಅಳಿಸಿಹೋಗುತ್ತದೆ. ಬಾಲ್ಯದಲ್ಲಿ ಅಮರಕೋಶವನ್ನು ಉರುಹೊಡೆದವರು ಇಲ್ಲಿ ನಗದಿರಲಾರರು. ಮನುಷ್ಯರಿಗೂ ನಿಜನಾಮವುಂಟು, ಪರಮಾಪ್ತರಿಗಲ್ಲದೆ ಅದನ್ನು ತಿಳಿಸುವಂತಿಲ್ಲ.

ಇದು ಬರಿಯ ಕಲ್ಪನೆಯೆ? ಲೇಖಕಿಯ ತಂದೆ ಆಲ್‌ಫ್ರೆಡ್ ಕ್ರೋಬರ್ ಮಾನವಶಾಸ್ತ್ರಜ್ಞರು. 1911ರಲ್ಲಿ ಕ್ಯಾಲಿಫೋರ್ನಿಯದ ಬೆಟ್ಟಗಾಡಿನಿಂದ ಹೊರಬಂದ ಯಾಹಿ ಜನಾಂಗದ ಕೊನೆಯ ವ್ಯಕ್ತಿಯನ್ನು ಅವರು ಬಲ್ಲವರಾಗಿದ್ದರು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಆತನ ಕುಲದಲ್ಲಿ ನಿಷಿದ್ಧ. ‘ಇಶಿ’ ಎಂದು ಕ್ರೋಬರ್ ಕರೆದರು. ಅವನ ಜನರ ಭಾಷೆಯಲ್ಲಿ ‘ಮನುಷ್ಯ’ ಎಂದಷ್ಟೆ ಅದರ ಅರ್ಥ. 1916ರಲ್ಲಿ ಆತ ತೀರಿಕೊಂಡಾಗ ನಿಜನಾಮವೂ ಜೊತೆಗೇ ಹೋಯಿತು. ಮಗಳು ಹುಟ್ಟಿದ್ದು 1929ರಲ್ಲಿ. ಕಾದಂಬರಿ ಅಲ್ಲಿಂದಲೇ ಮೂಡಿತೆನ್ನುವುದು ಅತಿಯಾದೀತು. ಆದರೆ ಹೇಳದೆ ಉಳಿದ ಹೆಸರಿನ ತೂಕ ಆ ಮನೆಗೆ ಗೊತ್ತಿತ್ತು.

ಸಹಪಾಠಿಯೊಬ್ಬನ ಕೆಣಕುಮಾತಿಗೆ ಸೋಲದಿರಲು ಗೆಡ್ ಸತ್ತವರ ಆತ್ಮವನ್ನು ಕರೆಯಹೋಗುತ್ತಾನೆ. ಸೀಳಿದ ಕತ್ತಲಿನಿಂದ ಹೆಸರಿಲ್ಲದ ನೆರಳೊಂದು ಅವನ ಮೇಲೆ ನೆಗೆಯುತ್ತದೆ. ಆ ಬಿರುಕನ್ನು ಮುಚ್ಚಲು ವಿದ್ಯಾಲಯದ ಹಿರಿಯ ಗುರುವು ಪ್ರಾಣವನ್ನೇ ತೆರಬೇಕಾಗುತ್ತದೆ. ಅಲ್ಲಿಂದ ಮುಂದೆ ಹುಡುಗನಿಗೆ ನಿದ್ರೆಯಿಲ್ಲ.

ವಿದ್ಯೆ ಮುಗಿಸಿದ ಗೆಡ್‌ಗೆ ದೊರೆಯುವುದು ಬೆಸ್ತರ ಬಡದ್ವೀಪಗಳ ಕಾವಲು. ನೆರೆಯ ಪೆಂಡರ್ ದ್ವೀಪದಲ್ಲಿ ಮುದಿ ಘಟಸರ್ಪವೊಂದು ಮರಿಗಳೊಡನೆ ನೆಲಸಿದೆ. ನೆರಳು ಬೆನ್ನಟ್ಟಿರುವಾಗ ತಾನು ಅಲ್ಲಿದ್ದರೆ ಊರಿಗೆ ಅಪಾಯ, ಹೊರಟರೆ ಊರು ಅನಾಥ. ಆದುದರಿಂದ ಗೆಡ್ ಒಬ್ಬನೇ ಚಿಕ್ಕ ದೋಣಿಯಲ್ಲಿ ಪೆಂಡರ್‌ಗೆ ಹೋಗುತ್ತಾನೆ. ಎರಗಿದ ಮರಿಗಳಲ್ಲಿ ಕೆಲವನ್ನು ಕೊಲ್ಲುತ್ತಾನೆ. ಆಗ, ಪಾಳುಗೋಪುರದ ಭಾಗವೆಂದು ಅವನು ಭಾವಿಸಿದ್ದುದೇ ಮೆಲ್ಲನೆ ಅಲುಗಾಡತೊಡಗುತ್ತದೆ!

ಇಲ್ಲಿ ಬಾಲಕ ಓದುಗರು ಕತ್ತಿಯ ಕಾಳಗವನ್ನು ನಿರೀಕ್ಷಿಸುವರು. ನಡೆಯುವುದು ಬರಿಯ ಸಂಭಾಷಣೆ. ಹಳೆಯ ಚರಿತ್ರೆಗಳನ್ನು ಓದಿ ಊಹಿಸಿದ ಒಂದು ಹೆಸರನ್ನು ಗೆಡ್ ಉಚ್ಚರಿಸುತ್ತಾನೆ: “ಯೆವಾಡ್.” ಊಹೆ ತಪ್ಪಿದ್ದರೆ ಬೂದಿಯಾಗುತ್ತಿದ್ದನು. ಘಟಸರ್ಪವು ಸಿಕ್ಕಿಬೀಳುತ್ತದೆ, ಆದರೆ ಅದು ಹುಡುಗನಿಗಿಂತ ಚತುರ. ನಿನ್ನನ್ನು ಅಟ್ಟುತ್ತಿರುವ ನೆರಳಿನ ಹೆಸರನ್ನು ನಾನು ಹೇಳಬಲ್ಲೆ, ನನ್ನನ್ನು ಬಿಟ್ಟುಬಿಡು ಎಂಬ ಆಮಿಷವನ್ನೊಡ್ಡುತ್ತದೆ. ಒಂದು ತಟ್ಟೆಯಲ್ಲಿ ತನ್ನ ಪ್ರಾಣ. ಇನ್ನೊಂದರಲ್ಲಿ ತನ್ನನ್ನು ಪೂರ್ತಿಯಾಗಿ ನಂಬಿಯೂ ಇರದ ಬೆಸ್ತರ ಮಕ್ಕಳುಮರಿ. ಹಿಂದಿನ ಗೆಡ್ ಆಗಿದ್ದರೆ ಏನು ಮಾಡುತ್ತಿದ್ದನೋ! ಈಗಿನವನು, ಇನ್ನು ಆ ದ್ವೀಪಗಳತ್ತ ಹಾರುವುದಿಲ್ಲವೆಂಬ ಆಣೆಯನ್ನು ಘಟಸರ್ಪದಿಂದ ಪಡೆದು, ತನಗೆ ಬೇಕಾದುದನ್ನು ಕೇಳದೆ ಹಿಂದಿರುಗುತ್ತಾನೆ. ಕಾದಂಬರಿಯ ಶಿಖರ ಇದೇ ಎನ್ನಬೇಕು. ಹೆಚ್ಚೆಂದರೆ ಕೆಲವೇ ಪುಟ.

ಪ್ರಾಸಂಗಿಕವಾಗಿ ಒಂದು ಮಾತು. ಗೆಡ್‌ನ ಮೈಬಣ್ಣ ಕೆಂಗಂದು, ಗೆಳೆಯ ವೆಚ್‌ನದು ಕಪ್ಪು. ಲೇಖಕಿ ಅದನ್ನು ಸ್ಪಷ್ಟವಾಗಿಯೇ ಬರೆದಿದ್ದಾರೆ. ಆದರೂ ಅನೇಕ ಮುಖಪುಟಗಳು, 2004ರ ದೂರದರ್ಶನ ರೂಪಾಂತರವೂ ಅವನನ್ನು ಬಿಳಿಯನನ್ನಾಗಿಸಿದವು. 2018ರಲ್ಲಿ ತೀರಿಕೊಂಡ ಲೇಖಕಿ ಇದನ್ನು ಬಹಿರಂಗವಾಗಿಯೇ ಪ್ರತಿಭಟಿಸಿದ್ದರು.

ಓಡಿ ಓಡಿ ದಣಿದ ಗೆಡ್ ಕಡೆಗೆ ಓಗಿಯನ್‌ನ ಗುಡಿಸಲಿಗೇ ಬರುತ್ತಾನೆ. ಓಡಬೇಡ, ತಿರುಗಿ ನಿಲ್ಲು ಎಂಬುದು ಗುರುವಿನ ಸಲಹೆ. ಬೇಟೆಯೇ ಈಗ ಬೇಟೆಗಾರನಾಗುತ್ತದೆ. ವೆಚ್‌ನೊಡನೆ ಅವನ ದೋಣಿ ಮೂಡಲಿನ ಕೊನೆಯ ದ್ವೀಪವನ್ನೂ ದಾಟಿ ಹೋಗುತ್ತದೆ. ಅಲ್ಲಿ ನೆರಳನ್ನು ಅವನು ಯಾವ ಹೆಸರಿನಿಂದ ಕರೆದನೆಂಬುದನ್ನು ಬಯಲುಮಾಡಿದರೆ, ಪುಸ್ತಕವನ್ನು ಇನ್ನೂ ಓದದ ಮಕ್ಕಳು ಕ್ಷಮಿಸಲಾರರು. ಒಂದೇ ಪದ, ನೆರಳೂ ಅವನೂ ಅದನ್ನು ಒಟ್ಟಿಗೇ ನುಡಿಯುತ್ತಾರೆ.