ಹಳೇ ಸನ್ ಕೀಬೋರ್ಡ್ ಹೊಸ ಲ್ಯಾಪ್‌ಟಾಪ್ ಜೊತೆ ಮಾತಾಡೋದು ಹೇಗೆ?

ಹುಬ್ಬಳ್ಳಿಯಿಂದ ಕೇಳುಗರೊಬ್ಬರು ಒಂದು ಫೋಟೊ ಕಳಿಸಿದ್ದಾರೆ. ಅವರ ತಂದೆ ಬಳಸುತ್ತಿದ್ದ ಸನ್ ಮೈಕ್ರೋಸಿಸ್ಟಮ್ಸ್‌ನ ಟೈಪ್ 5 ಕೀಬೋರ್ಡ್. ತಂದೆ ಈಗಿಲ್ಲ. "ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ. ಇದರಲ್ಲೇ ಟೈಪ್ ಮಾಡಬೇಕು, ಆಗುತ್ತಾ?" ಅಂತ ಕೇಳಿದ್ದಾರೆ. ಆಗುತ್ತೆ. ನಾನು ಓದಿದ್ದು ಬಿ.ಕಾಂ., ನನಗೆ ಅರ್ಥವಾದದ್ದು ನಿಮಗೂ ಆಗುತ್ತೆ.

ಮೊದಲು ಒಂದು ಎಚ್ಚರಿಕೆ. ಇದರ ದುಂಡನೆಯ ಪ್ಲಗ್ ಪಿಎಸ್/2 ಥರಾನೇ ಕಾಣುತ್ತೆ, ಆದರೆ ಅಲ್ಲ. ಪಿಎಸ್/2ಗೆ 6 ಪಿನ್, ಇದಕ್ಕೆ 8. ಹಾಗಾಗಿ ಅಂಗಡಿಯಲ್ಲಿ ಸಿಗೋ ಅಡಾಪ್ಟರ್ ಇಲ್ಲಿ ಕೆಲಸಕ್ಕೆ ಬರಲ್ಲ, ತುರುಕಲು ಹೋಗಬೇಡಿ. ಈ ಕೀಬೋರ್ಡ್ ಸೀರಿಯಲ್ ಭಾಷೆ ಆಡುತ್ತೆ, 1200 ಬಾಡ್ ವೇಗದಲ್ಲಿ. ಒಂದು ಬೈಟ್‌ಗೆ ಶುರು ಮತ್ತು ಕೊನೆಯ ಗುರುತು ಸೇರಿ 10 ಬಿಟ್, ಅಂದರೆ ಸೆಕೆಂಡಿಗೆ 120 ಬೈಟ್. ಬೆರಳಿನ ವೇಗಕ್ಕೆ ಧಾರಾಳವಾಗಿ ಸಾಕು.

ಈಗ ಅಸಲಿ ವಿಷಯ. 'ಎ' ಕೀಲಿ ಒತ್ತಿದರೆ ಕೀಬೋರ್ಡ್ 77 ಅಂತ ಕಳಿಸುತ್ತೆ. ಬಿಟ್ಟಾಗ ಅದಕ್ಕೆ 128 ಕೂಡಿಸಿ 205. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳಿದರೆ ಒತ್ತಿದ್ದು ಡೆಬಿಟ್, ಬಿಟ್ಟಿದ್ದು ಕ್ರೆಡಿಟ್. ಎಲ್ಲಾ ಕೀಲಿ ಬಿಟ್ಟ ಮೇಲೆ ಒಂದು 127 ಬರುತ್ತೆ: ಖಾತೆ ಚುಕ್ತಾ. ಈ 127 ನನಗೆ ತುಂಬಾ ಇಷ್ಟ. ನಡುವೆ ಒಂದು ಎಂಟ್ರಿ ತಪ್ಪಿಹೋಗಿ 'ಎ' ಒತ್ತಿದಂತೆಯೇ ಉಳಿದುಕೊಂಡರೆ, 127 ಬಂದ ಕೂಡಲೇ ಎಲ್ಲವನ್ನೂ ಸೊನ್ನೆ ಮಾಡಿಬಿಡಬಹುದು.

ಯುಎಸ್‌ಬಿಯ ಲೆಕ್ಕ ಬೇರೆ. ಅಲ್ಲಿ 'ಎ' ಅಂದರೆ 4. ಅಲ್ಲದೆ ಅದು ಒಂದೊಂದೇ ಎಂಟ್ರಿ ಕೇಳಲ್ಲ, ಈ ಕ್ಷಣ ಯಾವ್ಯಾವ ಕೀಲಿ ಒತ್ತಿದೆ ಅನ್ನೋ ಪಟ್ಟಿ ಕೇಳುತ್ತೆ. ಹಳೇ ದಿನಚರಿ ಪುಸ್ತಕ ಓದಿ ಹೊಸ ಬ್ಯಾಲೆನ್ಸ್ ಶೀಟ್ ಬರೆಯೋ ಗುಮಾಸ್ತ ಬೇಕು. ಅವನೇ ಮೈಕ್ರೋಕಂಟ್ರೋಲರ್.

ಎಟಿಮೆಗಾ32ಯು4 ಚಿಪ್ ಇರೋ ಬೋರ್ಡ್ ತಗೊಳ್ಳಿ. ಆರ್ಡುಯಿನೊ ಲಿಯೊನಾರ್ಡೊ ಆಗಲಿ, 5 ವೋಲ್ಟ್‌ನ ಪ್ರೊ ಮೈಕ್ರೊ ಆಗಲಿ ನಡೆಯುತ್ತೆ. ಈ ಚಿಪ್ ತಾನೇ ಯುಎಸ್‌ಬಿ ಕೀಬೋರ್ಡ್ ಅಂತ ಪರಿಚಯ ಹೇಳಿಕೊಳ್ಳಬಲ್ಲದು. ಕೀಬೋರ್ಡಿಗೂ 5 ವೋಲ್ಟೇ ಬೇಕು, ಅದು ಯುಎಸ್‌ಬಿಯಿಂದಲೇ ಸಿಗುತ್ತೆ. ಅಗ್ಗವಾಗಿ ಸಿಕ್ತು ಅಂತ ರಾಸ್ಪ್‌ಬೆರಿ ಪೈ ಪಿಕೊಗೆ ನೇರವಾಗಿ ತಂತಿ ಕೊಡಬೇಡಿ. ಅದರ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ತಡೆಯಲ್ಲ. ತಂತಿ ಬೆಸೆಯೋ ಮೊದಲು ಯಾವ ಪಿನ್ ಗ್ರೌಂಡ್, ಯಾವುದು ಪವರ್ ಅಂತ ಮಲ್ಟಿಮೀಟರ್‌ನಲ್ಲಿ ನೋಡಿ. ತಂದೆಯ ಕೀಬೋರ್ಡ್ ಸ್ವಾಮಿ, ಎರಡನೇ ಪ್ರತಿ ಇಲ್ಲ.

ಸನ್ ಸಿಗ್ನಲ್ ತಲೆಕೆಳಗು: ಸುಮ್ಮನಿರುವಾಗ ತಂತಿ ಮೇಲಿರೋ ಬದಲು ಕೆಳಗಿರುತ್ತೆ. ಚಿಪ್‌ನ ಸ್ವಂತ ಸೀರಿಯಲ್ ಪೋರ್ಟ್‌ಗೆ ಇದು ಬರೀ ಕಸದಂತೆ ಕಾಣುತ್ತೆ. ಆರ್ಡುಯಿನೊದ ಸಾಫ್ಟ್‌ವೇರ್‌ಸೀರಿಯಲ್ ಲೈಬ್ರರಿಯಲ್ಲಿ ತಿರುಗಿಸಿ ಓದೋ ಆಯ್ಕೆ ಇದೆ, ಅದನ್ನ ಆನ್ ಮಾಡಿದರೆ ಮುಗೀತು. ಕೋಡ್ ಬರೆಯೋಕೆ ಬೇಸರವಾದರೆ ಕ್ಯೂಎಂಕೆ ಅನ್ನೋ ಉಚಿತ ಫರ್ಮ್‌ವೇರ್‌ನಲ್ಲಿ ಸನ್ ಕೀಬೋರ್ಡಿಗಂತಲೇ ಸಿದ್ಧ ಕನ್ವರ್ಟರ್ ಇದೆ.

ದೀಪಗಳದ್ದು ಇನ್ನೊಂದು ತಮಾಷೆ. ಕ್ಯಾಪ್ಸ್ ಲಾಕ್ ಮತ್ತು ಕಂಪೋಸ್ ದೀಪಗಳ ಜಾಗ ಯುಎಸ್‌ಬಿಯಲ್ಲಿ ಅದಲುಬದಲು. ಲ್ಯಾಪ್‌ಟಾಪ್ ಹೇಳಿದ್ದನ್ನ ಹಾಗೇ ದಾಟಿಸಿದರೆ ಕ್ಯಾಪ್ಸ್ ಒತ್ತಿದಾಗ ಕಂಪೋಸ್ ದೀಪ ಹೊತ್ತುತ್ತೆ. ಎಡಗಡೆಯ ಕಾಪಿ, ಪೇಸ್ಟ್, ಅಂಡೂ ಕೀಲಿಗಳಿಗೆ ಕಂಟ್ರೋಲ್-ಸಿ, ಕಂಟ್ರೋಲ್-ವಿ ಥರದ ಜೋಡಿ ಕೊಟ್ಟುಬಿಡಿ.

ಕನ್ನಡ ಟೈಪ್ ಆಗುತ್ತಾ ಅಂತಲೂ ಕೇಳಿದ್ದಾರೆ. ಕೀಬೋರ್ಡ್ ಕಳಿಸೋದು ಕೀಲಿಯ ಗುರುತು ಮಾತ್ರ, ಅಕ್ಷರ ಯಾವುದು ಅಂತ ತೀರ್ಮಾನ ಮಾಡೋದು ಲ್ಯಾಪ್‌ಟಾಪ್. ಇನ್‌ಸ್ಕ್ರಿಪ್ಟ್ ಇರಲಿ, ನುಡಿ ಇರಲಿ, ಈಗ ಹೇಗೆ ಬಳಸ್ತಿದ್ದೀರೋ ಹಾಗೇ ನಡೆಯುತ್ತೆ.